ರನ್ನು ಬೇರೆ, ಸಿಟ್ಟು ಬೇರೆ



2025ರ ಜೂನ್ 3ರಂದು ನಮ್ಮ ಅಹಮದಾಬಾದಿನಲ್ಲೇ ಆರ್‌ಸಿಬಿ ಮೊದಲ ಸಲ ಐಪಿಎಲ್ ಕಪ್ ಗೆದ್ದಿತು. ವಿರಾಟ್ ಕೊಹ್ಲಿ ಮೈದಾನದಲ್ಲೇ ಅತ್ತರು. ನಮ್ಮ ಕಣ್ಣೂ ಒದ್ದೆಯಾಯಿತು.

ಇದೇ ಕೊಹ್ಲಿ 2012ರಲ್ಲಿ ಸಿಡ್ನಿಯ ಪ್ರೇಕ್ಷಕರಿಗೆ ಬೆರಳು ತೋರಿಸಿ ಪಂದ್ಯದ ಅರ್ಧ ಸಂಭಾವನೆ ದಂಡ ತೆತ್ತರು. 2023ರಲ್ಲಿ ಲಖನೌದಲ್ಲಿ ಗಂಭೀರ್ ಜೊತೆ ಜಗಳವಾಡಿ ಪೂರ್ತಿ ತೆತ್ತರು.

ಗೆದ್ದ ದಿನ ಈ ಸಿಟ್ಟನ್ನು ಕಿಚ್ಚು ಎನ್ನುತ್ತೇವೆ, ಸೋತ ದಿನ ಸೊಕ್ಕು ಎನ್ನುತ್ತೇವೆ. ನಮ್ಮ ಶಾಂತಮೂರ್ತಿ ದ್ರಾವಿಡ್ 2014ರಲ್ಲಿ ಸೋತಾಗ ಟೋಪಿ ನೆಲಕ್ಕೆಸೆದರೆ ನಕ್ಕು ಮರೆಯುತ್ತೇವೆ. ಒಬ್ಬೊಬ್ಬರಿಗೆ ಒಂದೊಂದು ತಕ್ಕಡಿ ಏಕೆ?

2016ರ ಐಪಿಎಲ್‌ನ 973 ರನ್ನು ಆ ತಪ್ಪುಗಳನ್ನು ಅಳಿಸುವುದಿಲ್ಲ; ಆ ತಪ್ಪುಗಳು ರನ್ನನ್ನೂ ಅಳಿಸುವುದಿಲ್ಲ. ಎರಡನ್ನೂ ಬೇರೆ ಬೇರೆ ಲೆಕ್ಕದಲ್ಲಿ ಬರೆದಿಡೋಣ. ನೀವೇನಂತೀರಿ?

ಮತ್ತೆ ಸಿಗೋಣ.