ತಪಸ್ಸುಕಾಲದ ಮನೆಪಾಠ

ಶಿವರಾತ್ರಿ ಕಳೆಯಿತೆಂದರೆ ಚಳಿ ಶಿವಶಿವಾ ಎಂದು ಹೊರಟುಹೋಗುತ್ತದೆ ಎಂದು ನಮ್ಮ ಹಿರಿಯರು ಹೇಳುವುದುಂಟು. ಮಾವು ಹೂ ಬಿಟ್ಟು ಹೊಂಗೆ ಚಿಗುರುವ ಇದೇ ಹೊತ್ತಿನಲ್ಲಿ ಕ್ರೈಸ್ತರ ಮನೆಗಳಲ್ಲಿ ತಪಸ್ಸುಕಾಲ ಮೊದಲಾಗುತ್ತದೆ. ಇಂಗ್ಲಿಷಿನಲ್ಲಿ ಇದನ್ನು ಲೆಂಟ್ ಎನ್ನುತ್ತಾರೆ. ಆ ಮಾತಿನ ಮೂಲಾರ್ಥ ಉಪವಾಸವೂ ಅಲ್ಲ, ದುಃಖವೂ ಅಲ್ಲ; ವಸಂತಕಾಲ ಎಂದೇ ಅದರ ಹಳೆಯ ಅರ್ಥ.

2025ನೆಯ ಇಸವಿಯಲ್ಲಿ ಒಂದು ವಿಶೇಷವಿತ್ತು. ಫೆಬ್ರವರಿ 26ರಂದು ಮಹಾಶಿವರಾತ್ರಿ. ಮಾರ್ಚ್ 2ರಂದು ರಂಜಾನ್ ಉಪವಾಸ ಮೊದಲಾಯಿತು. ಮಾರ್ಚ್ 5ರಂದು ಬೂದಿ ಬುಧವಾರ, ಎಂದರೆ ತಪಸ್ಸುಕಾಲದ ಮೊದಲ ದಿನ. ಎಂಟು ದಿನಗಳೊಳಗೆ ನಮ್ಮ ಊರುಗಳ ಒಂದೊಂದು ಬೀದಿಯಲ್ಲೂ ಒಂದು ಮನೆಯವರು ರಾತ್ರಿ ಜಾಗರಣೆ ಮಾಡಿದರು, ಇನ್ನೊಂದು ಮನೆಯವರು ಬೆಳಗಿನ ಜಾವಕ್ಕೆ ಎದ್ದು ಉಂಡು ಹಗಲೆಲ್ಲ ನೀರನ್ನೂ ಮುಟ್ಟದೆ ಇದ್ದರು, ಮತ್ತೊಂದು ಮನೆಯವರು ಹಣೆಯ ಮೇಲೆ ಬೂದಿ ಹಚ್ಚಿಸಿಕೊಂಡು ಬಂದರು. ಆದುದರಿಂದ ಈಗ ನಾನು ಹೇಳುವ ನಾಲ್ಕು ಮಾತು ಒಂದೇ ಮತದವರಿಗೆ ಸಂಬಂಧಿಸಿದ್ದೆಂದು ನೀವು ಭಾವಿಸಲಾರಿರೆಂದು ನಂಬಿದ್ದೇನೆ.

ಮೊದಲು ಲೆಕ್ಕವನ್ನು ಹೇಳಿಬಿಡುತ್ತೇನೆ. ಬೂದಿ ಬುಧವಾರದಿಂದ ಈಸ್ಟರ್ ಹಬ್ಬದ ಹಿಂದಿನ ದಿನದವರೆಗೆ ಎಣಿಸಿದರೆ 46 ದಿನಗಳಾಗುತ್ತವೆ. ನಡುವೆ ಬರುವ ಆರು ಭಾನುವಾರಗಳನ್ನು ಬಿಡಬೇಕು. ಏಕೆಂದರೆ ಪ್ರತಿಯೊಂದು ಭಾನುವಾರವೂ ಯೇಸುಸ್ವಾಮಿಯ ಪುನರುತ್ಥಾನವನ್ನು ನೆನೆಯುವ ದಿನ, ಅಂದು ಉಪವಾಸವಿಲ್ಲ. ಉಳಿಯುವುದು 40. ಯೇಸುಸ್ವಾಮಿ ತನ್ನ ಕೆಲಸವನ್ನು ತೊಡಗುವುದಕ್ಕೆ ಮುನ್ನ ಅಡವಿಯಲ್ಲಿ ನಲವತ್ತು ದಿನ ಉಪವಾಸವಿದ್ದನೆಂದು ಸುವಾರ್ತೆ ಹೇಳುತ್ತದೆ. ಅದರ ನೆನಪಿಗೆ ಈ ನಲವತ್ತು.

ಬೂದಿಯ ಸಂಗತಿಯೂ ತಿಳಿಯತಕ್ಕದ್ದೇ. ಹಿಂದಿನ ವರ್ಷ ಗರಿಗಳ ಭಾನುವಾರದಂದು ಜನರು ಕೈಯಲ್ಲಿ ಹಿಡಿದು ಮೆರವಣಿಗೆ ಹೋದ ಗರಿಗಳನ್ನು ಸುಟ್ಟು ಆ ಬೂದಿಯನ್ನು ಮಾಡುತ್ತಾರೆ. ಜಯಜಯಕಾರದ ಗುರುತಾಗಿದ್ದ ಗರಿಯೇ ವರ್ಷ ತುಂಬುವುದರೊಳಗೆ ಬೂದಿಯಾಗಿ ಹಣೆಗೆ ಬರುತ್ತದೆ. ಹಚ್ಚುವಾಗ ಗುರುಗಳು ಮನುಷ್ಯನಿಗೆ ಅವನು ಮಣ್ಣೆಂಬುದನ್ನು ನೆನಪಿಸುತ್ತಾರೆ. ದೊಡ್ಡ ಅಧಿಕಾರಿಗೂ ಅದೇ ಮಾತು, ಅವರ ಮನೆಯ ಅಂಗಳ ಗುಡಿಸುವಾಕೆಗೂ ಅದೇ ಮಾತು.

ಈ ಕಾಲದ ಆಚರಣೆ ಮೂರು: ಪ್ರಾರ್ಥನೆ, ಉಪವಾಸ, ದಾನ. ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿ ಈ ಮೂರರ ಬಗ್ಗೆಯೂ ಒಂದೇ ಎಚ್ಚರಿಕೆ ಬರುತ್ತದೆ. ಇವನ್ನು ಊರಿಗೆಲ್ಲ ಕಾಣುವಂತೆ ಮಾಡಬೇಡಿ, ಗುಟ್ಟಾಗಿ ಮಾಡಿ ಎಂಬುದೇ ಆ ಎಚ್ಚರಿಕೆಯ ಸಾರ. ಕಟ್ಟಳೆ ಹಿಂದಿನಷ್ಟು ಕಠಿಣವಾಗಿ ಉಳಿದಿಲ್ಲ. 1966ರಲ್ಲಿ ಆರನೆಯ ಪೌಲ್ ಜಗದ್ಗುರುಗಳು ಹೊರಡಿಸಿದ ಆಜ್ಞೆಯಿಂದ ಕಥೋಲಿಕರಿಗೆ ಕಡ್ಡಾಯವಾದ ಉಪವಾಸ ಬೂದಿ ಬುಧವಾರ ಮತ್ತು ಶುಭ ಶುಕ್ರವಾರ, ಈ ಎರಡೇ ದಿನಗಳಿಗೆ ಇಳಿಯಿತು. ಆ ದಿನ ಒಂದು ಹೊತ್ತಿನ ಪೂರ್ತಿ ಊಟ; ಉಳಿದೆರಡು ಹೊತ್ತು ಅಲ್ಪಾಹಾರಕ್ಕೆ ಅಡ್ಡಿಯಿಲ್ಲ. ಮಿಕ್ಕ ದಿನಗಳಲ್ಲಿ ಏನನ್ನು ಬಿಡಬೇಕು, ಏನನ್ನು ಕೊಡಬೇಕು ಎಂಬುದು ಬಹುಮಟ್ಟಿಗೆ ಅವರವರ ಮನಸ್ಸಾಕ್ಷಿಗೆ ಬಿಟ್ಟದ್ದು. ಕಟ್ಟಳೆ ಸಡಿಲವಾದಷ್ಟೂ ಮನಸ್ಸಾಕ್ಷಿಯ ಹೊಣೆ ಹೆಚ್ಚಾಯಿತೆಂದೇ ನನಗೆ ತೋರುತ್ತದೆ.

ಇನ್ನು ನನ್ನ ಸ್ವಂತ ಅನುಭವವನ್ನು ಹೇಳುವುದಕ್ಕೆ ನಿಮ್ಮ ಅಪ್ಪಣೆ ಬೇಡುತ್ತೇನೆ. ಹಲವು ವರ್ಷಗಳ ಹಿಂದಿನ ಮಾತು. ಆ ವರ್ಷ ತಪಸ್ಸುಕಾಲದ ಎಲ್ಲ ಶುಕ್ರವಾರಗಳಲ್ಲೂ ಒಪ್ಪೊತ್ತು ಇರುವುದೆಂದು ನಾನು ಸಂಕಲ್ಪ ಮಾಡಿದ್ದೆ. ಗುಟ್ಟಾಗಿಯಲ್ಲ; ಕಚೇರಿಯಲ್ಲಿ ಕಾಫಿ ಬೇಡವೆಂದು ಹೇಳುವಾಗ ಕಾರಣವನ್ನೂ ನಾಲ್ವರಿಗೆ ಕೇಳಿಸುವಂತೆ ಹೇಳುತ್ತಿದ್ದೆ! ಒಂದು ಶುಕ್ರವಾರ ಸಂಜೆ ಮನೆಗೆ ಬಂದೆ. ನನಗೆಂದು ಇಟ್ಟಿದ್ದ ಮಜ್ಜಿಗೆಯ ಲೋಟವನ್ನು ಚಿಕ್ಕ ಮಗ ಆಡುತ್ತ ಆಡುತ್ತ ಉರುಳಿಸಿಬಿಟ್ಟ. ನಾನು ಅವನನ್ನೂ ಅವನ ತಾಯಿಯನ್ನೂ ಬೀದಿಗೆ ಕೇಳುವಂತೆ ಬೈದೆ. ಒಳಗೆ ಅಕ್ಕಿ ಆರಿಸುತ್ತಿದ್ದ ನನ್ನ ತಾಯಿ ತಲೆಯೆತ್ತದೆಯೇ ಕೇಳಿದರು: “ಏನಪ್ಪ, ಉಪವಾಸ ಹೊಟ್ಟೆಗೆ ಮಾತ್ರವೋ, ನಾಲಿಗೆಗೂ ಇದೆಯೋ?”

ನನ್ನಲ್ಲಿ ಉತ್ತರವಿರಲಿಲ್ಲ. ಹಸಿವು ನನಗೆ ಕೋಪವನ್ನು ಹೊಸದಾಗಿ ಕೊಡಲಿಲ್ಲ. ಇದ್ದ ಕೋಪವನ್ನು ಹೊರಗೆ ತಂದಿಟ್ಟಿತು, ಅಷ್ಟೆ. ತುಂಬಿದ ಹೊಟ್ಟೆಯಲ್ಲಿ ನಾವೆಲ್ಲರೂ ಒಳ್ಳೆಯವರೇ. ನಮ್ಮ ಒಳ್ಳೆಯತನ ಎಷ್ಟರಮಟ್ಟಿನದು ಎಂಬುದನ್ನು ಉಪವಾಸ ನಮಗೇ ತೋರಿಸುತ್ತದೆ.

ತಾಯಿಯ ವ್ರತ ಬೇರೆ ಬಗೆಯದು. ತಪಸ್ಸುಕಾಲ ಬಂದಿತೆಂದರೆ ಅಡಿಗೆಮನೆಯ ಮೂಲೆಯಲ್ಲಿ ಒಂದು ಮಣ್ಣಿನ ಗಡಿಗೆ ಇಡುತ್ತಿದ್ದರು. ದಿನಕ್ಕೆರಡು ಬಾರಿ ಅನ್ನಕ್ಕೆ ಅಕ್ಕಿ ಅಳೆದಾಗ ಅದರಿಂದ ಒಂದು ಹಿಡಿ ತೆಗೆದು ಗಡಿಗೆಗೆ ಹಾಕುವರು. ಶುಭ ಶುಕ್ರವಾರಕ್ಕೆ ಮುಂಚೆ ಆ ಅಕ್ಕಿ ಇಲ್ಲದವರ ಮನೆಗೆ ಹೋಗಬೇಕು. ಇದು ನಮ್ಮ ಮನೆಯೊಂದರ ಪದ್ಧತಿಯೇನೂ ಅಲ್ಲ. ಮಿಜೋರಾಂ ಸೀಮೆಯ ಕ್ರೈಸ್ತ ಗೃಹಿಣಿಯರು ವರ್ಷವಿಡೀ ಪ್ರತಿ ಅಡಿಗೆಗೂ ಹೀಗೆ ಹಿಡಿ ಅಕ್ಕಿ ತೆಗೆದಿಡುತ್ತಾರೆ. ಬಡ ಮನೆಗಳ ಆ ಹಿಡಿ ಹಿಡಿ ಅಕ್ಕಿಯೇ ಕೂಡಿ ಅಲ್ಲಿನ ಸಭೆಯ ಕೆಲಸಕ್ಕೆ ಬಲವಾದ ಆಧಾರವಾಗಿದೆ. 1950ರ ದಶಕದಲ್ಲಿ ಆಚಾರ್ಯ ವಿನೋಬಾ ಭಾವೆಯವರು ಮನೆಮನೆಯಲ್ಲಿ ಇಡಿಸಿದ ಸರ್ವೋದಯ ಪಾತ್ರೆಯೂ ಇದೇ ಜಾತಿಯದು. ಮನೆಯ ಮಗುವಿನ ಕೈಯಿಂದಲೇ ದಿನಕ್ಕೊಂದು ಹಿಡಿ ಧಾನ್ಯ ಹಾಕಿಸಬೇಕೆಂದು ಅವರು ಹೇಳುತ್ತಿದ್ದರು.

ಇಲ್ಲಿ ಒಂದು ಸೂಕ್ಷ್ಮವಿದೆ, ಗಮನಿಸಿ. ಎಲ್ಲರ ಊಟ ಮುಗಿದು ಮಿಕ್ಕದ್ದನ್ನು ಕೊಡುವುದು ಒಂದು ಬಗೆ. ಅಡಿಗೆಗೆ ಮೊದಲೇ, ಇಂದು ಅನ್ನ ಸಾಲುತ್ತದೆಯೋ ಇಲ್ಲವೋ ಎಂಬುದು ತಿಳಿಯುವ ಮೊದಲೇ, ತೆಗೆದಿಡುವುದು ಇನ್ನೊಂದು ಬಗೆ. ಎರಡನೆಯದಕ್ಕೆ ನಂಬಿಕೆ ಬೇಕು. ನಂಬಿಕೆ ಎಂದರೆ ಏನೆಂದು ದೊಡ್ಡ ದೊಡ್ಡ ಗ್ರಂಥಗಳು ವಿವರಿಸುತ್ತವೆ. ನಾನು ಅದನ್ನು ಕಂಡದ್ದು ಆ ಹಿಡಿಯಲ್ಲಿ.

ಆ ಕಾಲಕ್ಕೆ ನನಗೂ ನನ್ನ ತಮ್ಮನಿಗೂ ಮಾತು ನಿಂತು ಆರು ವರ್ಷಗಳಾಗಿದ್ದವು. ಇಬ್ಬರ ಮನೆಗೂ ನಡುವೆ ಒಂದೇ ಗೋಡೆ. ಹಿತ್ತಿಲಿನ ಮೂರು ಅಡಿ ಜಾಗ ಯಾರ ಪಾಲಿನದೆಂಬುದು ಜಗಳದ ಮೂಲ. ಸಂಜೆ ದೇವರ ಪಟದ ಮುಂದೆ ದೀಪ ಹಚ್ಚಿ ಮನೆಯವರೆಲ್ಲ ಮೊಳಕಾಲೂರಿ ಪ್ರಾರ್ಥಿಸುವುದು ನಮ್ಮಲ್ಲಿ ವಾಡಿಕೆ. ಯೇಸುಸ್ವಾಮಿ ಶಿಷ್ಯರಿಗೆ ಕಲಿಸಿದ ಚಿಕ್ಕ ಪ್ರಾರ್ಥನೆ ನಿಮ್ಮಲ್ಲಿ ಅನೇಕರಿಗೆ ಗೊತ್ತಿದ್ದೀತು. ಅದರಲ್ಲಿ ಅನ್ನವನ್ನು ಬೇಡುತ್ತೇವೆ, ಕೇಡಿನಿಂದ ಬಿಡುಗಡೆಯನ್ನು ಬೇಡುತ್ತೇವೆ, ಇವುಗಳಿಗೆ ಷರತ್ತಿಲ್ಲ. ಆದರೆ ಕ್ಷಮೆಯನ್ನು ಬೇಡುವಾಗ ಮಾತ್ರ, ನಾವು ಇತರರನ್ನು ಕ್ಷಮಿಸುವಂತೆಯೇ ನಮ್ಮನ್ನೂ ಕ್ಷಮಿಸೆಂದು ನಾವೇ ನಮ್ಮ ಮೇಲೆ ಒಂದು ಕರಾರು ಹಾಕಿಕೊಳ್ಳುತ್ತೇವೆ. ಆ ವರ್ಷ ಆ ಸಾಲು ಬಂದಾಗಲೆಲ್ಲ ನನ್ನ ದನಿ ತಗ್ಗುತ್ತಿತ್ತು. ಗೋಡೆಯಾಚೆ ಅದೇ ಹೊತ್ತಿಗೆ ತಮ್ಮನ ಮನೆಯವರೂ ಅದನ್ನೇ ಹೇಳುತ್ತಿದ್ದುದು ನನಗೆ ಕೇಳುತ್ತಿತ್ತು.

ಈಸ್ಟರ್ ಹಬ್ಬಕ್ಕೆ ಮುಂಚಿನ ಬುಧವಾರ ತಾಯಿ ಗಡಿಗೆಯ ಅಕ್ಕಿಯನ್ನು ಅಳೆದುಕೊಡೆಂದು ನನಗೆ ಹೇಳಿದರು. ನಾಲ್ಕು ಸೇರು ಆಗಬಹುದೆಂದು ನನ್ನ ಎಣಿಕೆ. ಎಂಟು ಸೇರಿನ ಹತ್ತಿರ ಬಂತು. ಆಶ್ಚರ್ಯಪಟ್ಟು ಕೇಳಿದೆ. ತಾಯಿ, “ಅದು ಒಂದು ಮನೆಯ ಅಕ್ಕಿಯಲ್ಲಪ್ಪ” ಎಂದಷ್ಟೇ ಹೇಳಿದರು. ತಮ್ಮನ ಹೆಂಡತಿ ನಲವತ್ತು ದಿನವೂ ಹಿತ್ತಿಲ ಬಾಗಿಲಿನಿಂದ ಮಕ್ಕಳ ಕೈಯಲ್ಲಿ ತನ್ನ ಮನೆಯ ಹಿಡಿಯನ್ನೂ ಕಳುಹಿಸುತ್ತಿದ್ದಳಂತೆ. ಅಣ್ಣತಮ್ಮಂದಿರು ಮುಖ ನೋಡದೆ ಓಡಾಡುತ್ತಿದ್ದಾಗ ಎರಡು ಮನೆಗಳ ಅಕ್ಕಿ ಒಂದೇ ಗಡಿಗೆಯಲ್ಲಿ ಬೆರೆತಿತ್ತು.

ಮರುದಿನ ಪವಿತ್ರ ಗುರುವಾರ. ಅಂದು ದೇವಾಲಯದಲ್ಲಿ ಗುರುಗಳು ಮೊಳಕಾಲೂರಿ ಹನ್ನೆರಡು ಜನರ ಪಾದ ತೊಳೆದು ಒರೆಸುತ್ತಾರೆ. ಯೇಸುಸ್ವಾಮಿ ಕಡೆಯ ರಾತ್ರಿ ತನ್ನ ಶಿಷ್ಯರಿಗೆ ಮಾಡಿದ ಸೇವೆ ಅದು. ತನ್ನನ್ನು ಹಿಡಿದುಕೊಡಲಿದ್ದವನೂ ಆ ಪಂಕ್ತಿಯಲ್ಲಿದ್ದ. ನಾನು ಪೂಜೆ ಮುಗಿಸಿಕೊಂಡು ನನ್ನ ಮನೆಗೆ ಹೋಗಲಿಲ್ಲ. ತಮ್ಮನ ಬಾಗಿಲು ತಟ್ಟಿದೆ. ಬಹಳ ಮಾತೇನೂ ಆಗಲಿಲ್ಲ. “ಬಾ ಅಣ್ಣ, ಕೂತ್ಕೋ” ಎಂದ. ನಾದಿನಿ ನೀರು ತಂದುಕೊಟ್ಟಳು. ಅಮ್ಮನ ಕೆಮ್ಮಿನ ವಿಷಯ ಮಾತಾಡಿದೆವು. ಅಷ್ಟೆ. ಆ ರಾತ್ರಿ ಪ್ರಾರ್ಥನೆಯ ಆ ಸಾಲನ್ನು ಪೂರ್ತಿ ದನಿಯಲ್ಲಿ ಹೇಳಿದೆ.

ಇಲ್ಲಿಗೆ ನಿಲ್ಲಿಸಿದರೆ ನಿಮಗೆ ಅರ್ಧ ಸತ್ಯವನ್ನು ಹೇಳಿದಂತಾದೀತು. ಪ್ರಾರ್ಥಿಸಿದರೆ ಕೇಳಿದ್ದು ಸಿಗುತ್ತದೆಯೇ ಎಂದು ನೀವು ಕೇಳದಿದ್ದರೂ ನಿಮ್ಮ ಮನೆಯ ಹುಡುಗರು ಕೇಳಿಯಾರು. ಅಮ್ಮನ ಕೆಮ್ಮು ಗುಣವಾಗಲೆಂದು ನಾವು ಎರಡೂ ಮನೆಯವರು ಪ್ರಾರ್ಥಿಸಿದೆವು. ಗುಣವಾಗಲಿಲ್ಲ. ಆ ವರ್ಷ ಮಳೆಗಾಲ ಮುಗಿಯುವುದರೊಳಗೆ ಅವರು ತೀರಿಕೊಂಡರು.

ಆಗ ನನಗೆ ನೆನಪಾದದ್ದು ಗೆತ್ಸೆಮನೆ ತೋಟ. ಪಾದ ತೊಳೆದ ಆ ಗುರುವಾರದ ರಾತ್ರಿಯೇ ಯೇಸುಸ್ವಾಮಿ ಆ ತೋಟದಲ್ಲಿ, ತನ್ನ ಮುಂದಿರುವ ಸಂಕಟದ ಪಾತ್ರೆ ತಪ್ಪಿಹೋಗಲೆಂದು ಮೂರು ಬಾರಿ ಬೇಡಿಕೊಂಡ. ಜೊತೆಗೆ ತಂದೆಯ ಚಿತ್ತವೇ ನಡೆಯಲಿ ಎಂದೂ ಹೇಳಿದ. ಗೆಳೆಯರು ನಿದ್ದೆ ಹೋಗಿದ್ದರು. ಪಾತ್ರೆ ತಪ್ಪಲಿಲ್ಲ. ಅವನಿಗೇ ಹಾಗಾದ ಮೇಲೆ, ಕೇಳಿದ್ದು ಸಿಗಲಿಲ್ಲವೆಂಬ ಕಾರಣಕ್ಕೆ ಪ್ರಾರ್ಥನೆ ವ್ಯರ್ಥವಾಯಿತೆಂದು ನಾನು ಹೇಗೆ ಹೇಳಲಿ?

2025ರ ತಪಸ್ಸುಕಾಲದಲ್ಲಿ ಲೋಕವೆಲ್ಲ ಒಂದು ದನಿಯನ್ನು ಕೇಳಿತು. ಫ್ರಾನ್ಸಿಸ್ ಜಗದ್ಗುರುಗಳು ಶ್ವಾಸಕೋಶದ ಕಾಯಿಲೆಯಿಂದ ಫೆಬ್ರವರಿ 14ರಿಂದ ರೋಮಿನ ಆಸ್ಪತ್ರೆಯಲ್ಲಿದ್ದರು. ರಾತ್ರಿ ರಾತ್ರಿ ಜನರು ಸಂತ ಪೇತ್ರರ ಚೌಕದಲ್ಲಿ ಕೂಡಿ ಅವರಿಗಾಗಿ ಜಪಸರ ಮಾಡುತ್ತಿದ್ದರು. ಮಾರ್ಚ್ 6ರ ರಾತ್ರಿ, ಆಸ್ಪತ್ರೆಯಲ್ಲಿ ಮುದ್ರಿಸಿದ ಅವರ ಮಾತನ್ನು ಅಲ್ಲಿ ಕೇಳಿಸಿದರು. ಅರ್ಧ ನಿಮಿಷವೂ ಇರಲಿಲ್ಲ. ಏದುಸಿರಿನ, ಸಣ್ಣಗಾದ ದನಿ. ನಿಮ್ಮ ಪ್ರಾರ್ಥನೆಗೆ ಕೃತಜ್ಞನೆಂಬುದೇ ಅದರ ತಿರುಳು. ಮಾರ್ಚ್ 23ರಂದು ಮನೆಗೆ ಮರಳಿದರು. ಏಪ್ರಿಲ್ 20ರ ಈಸ್ಟರಿನಂದು ಜನರನ್ನು ಹರಸಿದರು. ಮರುದಿನ ಬೆಳಗ್ಗೆ ಕಣ್ಣು ಮುಚ್ಚಿದರು. ಚೌಕದಲ್ಲಿ ಜಪ ಮಾಡಿದವರಿಗೆ ತಮ್ಮ ಜಪ ಫಲಿಸಲಿಲ್ಲವೆಂದು ಅನ್ನಿಸಿರಲೂಬಹುದು. ಆದರೆ ಕಾಯಿಲೆಯ ಮಂಚದಲ್ಲಿದ್ದ ಮುದುಕರೊಬ್ಬರು ತಾವು ಒಂಟಿಯಲ್ಲವೆಂದು ತಿಳಿದುಕೊಂಡೇ ಹೋದರು.

ನನ್ನ ತಾಯಿಯೂ ಹಾಗೆಯೇ ಹೋದರೆಂದು ನಂಬಿದ್ದೇನೆ. ಅವರ ಕಡೆಯ ತಿಂಗಳುಗಳಲ್ಲಿ ಒಂದು ರಾತ್ರಿ ನಾನು, ಒಂದು ರಾತ್ರಿ ತಮ್ಮ ಮಗ್ಗುಲಲ್ಲಿ ಕೂತಿದ್ದೆವು. ಪೆಟ್ಟಿಗೆಗೆ ಇಬ್ಬರೂ ಹೆಗಲು ಕೊಟ್ಟೆವು. ನಾವು ಬೇಡಿದ್ದು ಆಯುಸ್ಸು, ದೊರೆತದ್ದು ಬೇರೆ. ದೊರೆತದ್ದು ಸಣ್ಣದೆಂದು ಹೇಳುವ ಧೈರ್ಯ ನನಗಿಲ್ಲ. ಹಿತ್ತಿಲ ಮೂರು ಅಡಿಯ ಲೆಕ್ಕ ಇಂದಿಗೂ ಇತ್ಯರ್ಥವಾಗಿಲ್ಲ. ಅದರಿಂದ ಮಾತೇನೂ ನಿಂತಿಲ್ಲ.

ನೀವು ಯಾವ ವ್ರತವನ್ನಾದರೂ ಹಿಡಿಯಿರಿ. ಏಕಾದಶಿಯಾಗಲಿ, ರಂಜಾನ್ ಆಗಲಿ, ಈ ನಲವತ್ತು ದಿನಗಳಾಗಲಿ. ವ್ರತದ ದಿನ ನಾಲಿಗೆಯನ್ನೂ ಸ್ವಲ್ಪ ಉಪವಾಸ ಕೆಡವಿ. ಒಲೆಯ ಮೇಲೆ ಅನ್ನಕ್ಕಿಡುವ ಮೊದಲು ಒಂದು ಹಿಡಿ ತೆಗೆದಿಡಿ. ಪ್ರಾರ್ಥನೆಯಲ್ಲಿ ಯಾವ ಸಾಲಿಗೆ ನಿಮ್ಮ ದನಿ ತಗ್ಗುತ್ತದೆಯೋ ಅದನ್ನು ಗುರುತಿಟ್ಟುಕೊಳ್ಳಿ. ನೀವು ತಟ್ಟಬೇಕಾದ ಬಾಗಿಲು ಎಲ್ಲಿದೆಯೆಂಬುದನ್ನು ಆ ಸಾಲೇ ತಿಳಿಸುತ್ತದೆ. ಬಹುಮಟ್ಟಿಗೆ ಅದು ದೂರವೇನೂ ಇರುವುದಿಲ್ಲ.