ಊರು ಬದಲಿಸುವ ಮುನ್ನ ಮಗುವಿನ ತರಗತಿ ನೋಡಿ
(ಪೋಷಕರ ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಪಠ್ಯ)





ಪ್ರತಿವರ್ಷ ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಶಾಲೆಯ ಕಚೇರಿ ಮುಂದೆ ಟಿ.ಸಿ. ಕೇಳಲು ಬಂದವರ ಸಾಲು ಇರುತ್ತದೆ. ‘ಟೀಚರ್, ಹೈದರಾಬಾದಿಗೆ ಹೋಗ್ತಾ ಇದೀವಿ’, ‘ಪುಣೆಗೆ ಹೋಗ್ತಾ ಇದೀವಿ’, ‘ಗೋವಾದಲ್ಲಿ ಕೆಲಸ ಸಿಕ್ಕಿದೆ’ ಎನ್ನುತ್ತಾರೆ. ‘ಅಲ್ಲಿ ಯಾವ ಶಾಲೆ?’ ಎಂದು ನಾನು ಕೇಳುತ್ತೇನೆ. ಹತ್ತರಲ್ಲಿ ಎಂಟು ಜನರ ಉತ್ತರ ಒಂದೇ: ‘ಹೋದ ಮೇಲೆ ನೋಡ್ಬೇಕು.’ ಇಂದು ನನಗೆ ಕೊಟ್ಟಿರುವ ಹದಿನೈದು ನಿಮಿಷದಲ್ಲಿ ಈ ‘ಹೋದ ಮೇಲೆ ನೋಡ್ಬೇಕು’ ಎಂಬ ಮಾತಿನ ಬಗ್ಗೆಯೇ ಮಾತನಾಡಬೇಕೆಂದಿದ್ದೇನೆ.

ಊರು ಬಿಟ್ಟು ಹೋಗುವುದು ತಪ್ಪಲ್ಲ. ದುಡಿಮೆ ಎಲ್ಲಿದೆಯೋ ಮನುಷ್ಯ ಅಲ್ಲಿಗೆ ಹೋಗಲೇಬೇಕು. ನಮ್ಮ ಭಾಗದವರಿಗೆ ಹೈದರಾಬಾದ್ ಪರಊರೂ ಅಲ್ಲ. 1956ರ ನವೆಂಬರ್ 1ರವರೆಗೆ ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳೆಲ್ಲ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ನಮ್ಮ ಅಜ್ಜಂದಿರು ಅಲ್ಲಿಗೆ ಹೋದರೆ ತಮ್ಮದೇ ರಾಜಧಾನಿಗೆ ಹೋದಂತೆ. ಇಂದಿಗೂ ಅಲ್ಲಿನ ಬಜಾರಿನಲ್ಲಿ ನಮ್ಮ ದಖನಿ ಉರ್ದು ನಡೆಯುತ್ತದೆ, ಅರ್ಧ ಬಿರಾದರಿ ಅಲ್ಲಿಯೇ ಇದೆ. ಈ ಸಲುಗೆಯೇ ನಮ್ಮನ್ನು ಮೋಸಗೊಳಿಸುತ್ತದೆ. ಮಾತು ಒಂದೇ ಆದರೂ ರಾಜ್ಯ ಬೇರೆ, ಪಠ್ಯ ಬೇರೆ, ಪರೀಕ್ಷಾ ಮಂಡಳಿ ಬೇರೆ, ಕಾನೂನು ಬೇರೆ.

ನಮ್ಮ ಮನೆಯ ಮಾತನ್ನೇ ಹೇಳುತ್ತೇನೆ. 2017ರ ಜೂನ್‌ನಲ್ಲಿ ನನ್ನ ಭಾಯಿಜಾನ್ ಹೆಂಡತಿ ಮಕ್ಕಳ ಸಮೇತ ಹೈದರಾಬಾದಿಗೆ ಹೋದರು. ಕೆಲಸ ಪಟಾನ್‌ಚೆರುವಿನ ಕಾರ್ಖಾನೆಯಲ್ಲಿ. ಮನೆ ಮಾಡಿದ್ದು ಮಾತ್ರ ಚಾರ್‌ಮಿನಾರ್ ಕಡೆ, ಹಳೆಯ ನಗರದಲ್ಲಿ. ಭಾಬಿಯವರ ಸಂಬಂಧಿಕರು ಅಲ್ಲಿದ್ದರು, ಬಾಡಿಗೆಯೂ ಕಡಿಮೆ ಇತ್ತು. ಊರಿನ ಒಂದು ಮೂಲೆಯಲ್ಲಿ ಮನೆ, ಇನ್ನೊಂದು ಮೂಲೆಯಲ್ಲಿ ಕೆಲಸ. ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ. ಅವರ ಮಗಳು ಆಗ 9ನೆಯ ತರಗತಿ. ಜುಲೈನಲ್ಲಿ ಶಾಲೆ ಹುಡುಕಿದರೆ ಹತ್ತಿರದ ಶಾಲೆಗಳಲ್ಲಿ ಸೀಟು ತುಂಬಿತ್ತು. ಸಿಕ್ಕಿದ ಶಾಲೆಗೆ ಎರಡು ಬಸ್ಸು ಬದಲಿಸಬೇಕು. ತೆಲುಗು ಹೊಸದು, ಪಠ್ಯ ಹೊಸದು. ಸಂಜೆ ಟ್ಯೂಷನ್ ಮುಗಿಸಿ ಬರುವಾಗ ಕತ್ತಲಾಗುತ್ತಿತ್ತು. ತಂದೆ ಮನೆಗೆ ಬರುವುದು ರಾತ್ರಿ ಒಂಬತ್ತಕ್ಕೆ. ಕರೆದುಕೊಂಡು ಬರುವವರು ಯಾರು? ಡಿಸೆಂಬರ್‌ನಲ್ಲಿ ಶಾಲೆ ಬಿಡಿಸಿದರು.

ಆ ಮಗು ನನಗೆ ಫೋನ್ ಮಾಡಿ ಒಂದೇ ಮಾತು ಕೇಳಿತು: ‘ಫುಪ್ಪೂ, ನಾನು ಫೇಲ್ ಆಗಿಲ್ಲವಲ್ಲ, ಮತ್ತೆ ಯಾಕೆ ಮನೇಲಿ ಕೂತಿದೀನಿ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳನ್ನು ನಮ್ಮ ಅಮ್ಮಿಯ ಮನೆಗೆ ಕರೆತಂದೆವು. 2018ರ ಜೂನ್‌ನಲ್ಲಿ ಮತ್ತೆ 9ನೆಯ ತರಗತಿಗೆ ಕೂತಳು. ಈಗ ಬಿ.ಎಸ್ಸಿ. ನರ್ಸಿಂಗ್ ಓದುತ್ತಿದ್ದಾಳೆ, ಅಲ್‌ಹಮ್ದುಲಿಲ್ಲಾ. ಆದರೆ ಅವಳ ಒಂದು ವರ್ಷ ಹೋದದ್ದು ಹೋಯಿತು. ಅವಳ ತಪ್ಪು ಏನೂ ಇರಲಿಲ್ಲ. ಮನೆ ಹುಡುಕಿದ ದೊಡ್ಡವರು ಬಾಡಿಗೆ ನೋಡಿದೆವು, ಸಂಬಂಧಿಕರನ್ನು ನೋಡಿದೆವು. ಅವಳ ತರಗತಿಯನ್ನು ನೋಡಲಿಲ್ಲ.

ಆ ಅನುಭವದ ನಂತರ ನಾನು ಕೇಳಿ, ಓದಿ ತಿಳಿದುಕೊಂಡ ಕೆಲವು ವಿಷಯಗಳನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು, ಯಾವಾಗ ಹೋಗಬೇಕು? ಇದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಕರ್ನಾಟಕದ ಸಿ.ಇ.ಟಿ. ಮೂಲಕ ಸರ್ಕಾರಿ ಸೀಟು ಪಡೆಯಲು ಸಾಮಾನ್ಯ ನಿಯಮವೆಂದರೆ, 1ನೆಯ ತರಗತಿಯಿಂದ ದ್ವಿತೀಯ ಪಿ.ಯು.ವರೆಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು, ಜೊತೆಗೆ ಎಸ್.ಎಸ್.ಎಲ್.ಸಿ. ಅಥವಾ ದ್ವಿತೀಯ ಪಿ.ಯು. ಎರಡರಲ್ಲಿ ಒಂದನ್ನು ಇಲ್ಲಿ ಪಾಸಾಗಿರಬೇಕು. ತೆಲಂಗಾಣದಲ್ಲಿ ವೈದ್ಯಕೀಯ ಸೀಟಿಗೆ ಸ್ಥಳೀಯ ಅಭ್ಯರ್ಥಿ ಎನಿಸಿಕೊಳ್ಳಲು 12ನೆಯ ತರಗತಿಯವರೆಗಿನ ಕೊನೆಯ 4 ವರ್ಷ, ಅಂದರೆ 9ರಿಂದ 12, ಸತತವಾಗಿ ಅಲ್ಲೇ ಓದಿರಬೇಕು. ಈ ನಿಯಮವನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್‌ನಲ್ಲಿ ಎತ್ತಿಹಿಡಿದಿದೆ. ಈಗ ಲೆಕ್ಕ ಹಾಕಿ. 10ನೆಯ ತರಗತಿಗೆ ಅಲ್ಲಿಗೆ ಹೋಗಿ 12 ಅಲ್ಲೇ ಮುಗಿಸಿದ ಮಗು ಅಲ್ಲಿ ಸ್ಥಳೀಯನಾಗುವುದಿಲ್ಲ. ಎಸ್.ಎಸ್.ಎಲ್.ಸಿ.ಯನ್ನೂ ಪಿ.ಯು.ವನ್ನೂ ಇಲ್ಲಿ ಬರೆಯದಿರುವುದರಿಂದ ಇಲ್ಲಿನ ಸಾಮಾನ್ಯ ನಿಯಮಕ್ಕೂ ಸಿಗುವುದಿಲ್ಲ. ಎರಡು ದೋಣಿಯಲ್ಲಿ ಕಾಲಿಟ್ಟಂತೆ. ಆದ್ದರಿಂದ ಹೋಗುವುದಾದರೆ 9ನೆಯ ತರಗತಿ ಶುರುವಾಗುವ ಮೊದಲೇ ಹೋಗಿ, ಇಲ್ಲವೇ ದ್ವಿತೀಯ ಪಿ.ಯು. ಮುಗಿಯುವವರೆಗೆ ತಾಳಿ. ನೀಟ್‌ನ ಶೇ. 15ರ ಅಖಿಲ ಭಾರತ ಕೋಟಾ ಎಲ್ಲರಿಗೂ ಇದೆ ನಿಜ, ಆದರೆ ಅದೊಂದನ್ನೇ ನಂಬಿ ಕೂರಬೇಡಿ.

ಎರಡನೆಯದು, ಮೀಸಲಾತಿ. ನಮ್ಮ 2ಬಿ ಪ್ರಮಾಣಪತ್ರ ಕರ್ನಾಟಕದ್ದು. ಗಡಿ ದಾಟಿದರೆ ಅಲ್ಲಿನ ಸರ್ಕಾರ ಅದನ್ನು ಒಪ್ಪುವುದಿಲ್ಲ. ತೆಲಂಗಾಣದಲ್ಲಿ ಮುಸ್ಲಿಮರಲ್ಲಿ ಹಿಂದುಳಿದವರಿಗೆ ಬಿ.ಸಿ.-ಇ ಎಂಬ ವರ್ಗ ಇದೆ, ಆದರೆ ಅದು ಆ ರಾಜ್ಯದ ಮೂಲದವರಿಗೆ. ಇಲ್ಲಿಂದ ಹೋದವರಿಗೆ ಬಾಡಿಗೆ ಕರಾರಿನ ಮೇಲೆ ಅದು ಸಿಗುವುದಿಲ್ಲ. ಇನ್ನು ನಮ್ಮ ಭಾಗಕ್ಕೆ ಸಂವಿಧಾನದ 371ಜೆ ಕಲಮು ಇದೆ. ಅದಕ್ಕಾಗಿ ಎಷ್ಟು ವರ್ಷ ಹೋರಾಟ ನಡೆಯಿತೆಂದು ಹಿರಿಯರಿಗೆ ಗೊತ್ತು. ಊರು ಬಿಡುವ ಮೊದಲು ತಾಲೂಕು ಕಚೇರಿಯ ಮೂಲಕ ಅರ್ಜಿ ಹಾಕಿ ನಿಮ್ಮದೂ ಮಕ್ಕಳದೂ 371ಜೆ ಪ್ರಮಾಣಪತ್ರ ಮಾಡಿಸಿ ಇಟ್ಟುಕೊಳ್ಳಿ. ಹತ್ತು ವರ್ಷದ ನಂತರ ದಾಖಲೆ ಹುಡುಕಿಕೊಂಡು ಬರುವುದು ಕಷ್ಟ.

ಮೂರನೆಯದು, ಭಾಷೆ. ಈಗ ಹಲವು ರಾಜ್ಯಗಳು ತಮ್ಮ ಭಾಷೆಯನ್ನು ಶಾಲೆಯಲ್ಲಿ ಕಡ್ಡಾಯ ಮಾಡಿವೆ. ಕರ್ನಾಟಕ 2015ರಲ್ಲಿ, ಕೇರಳ 2017ರಲ್ಲಿ, ತೆಲಂಗಾಣ 2018ರಲ್ಲಿ, ಮಹಾರಾಷ್ಟ್ರ 2020ರಲ್ಲಿ ಕಾನೂನು ಮಾಡಿದವು. ಇದಕ್ಕೆ ಹೆದರುವ ಅಗತ್ಯವಿಲ್ಲ. ಎರಡು ಭಾಷೆ ಕಲಿಸುವ ಶಿಕ್ಷಕಿಯಾಗಿ ಹೇಳುತ್ತೇನೆ, ಕನ್ನಡ ಚೆನ್ನಾಗಿ ಓದುವ ಮಗುವಿಗೆ ತೆಲುಗು ಲಿಪಿ ಕೆಲವೇ ವಾರಗಳ ಕೆಲಸ, ಅಕ್ಷರಗಳು ಅಕ್ಕತಂಗಿಯರಂತಿವೆ. ಹಿಂದಿ ಓದಿದ ಮಗುವಿಗೆ ಮರಾಠಿ ಲಿಪಿ ಆಗಲೇ ಗೊತ್ತಿರುತ್ತದೆ. ಕಷ್ಟವಾಗುವುದು ಕನ್ನಡವನ್ನೂ ಸರಿಯಾಗಿ ಕಲಿಯದೆ ಹೋದ ಮಗುವಿಗೆ. ‘ನಾವು ಹೇಗೂ ಹೊರಗೆ ಹೋಗುವವರು, ಕನ್ನಡ ಯಾಕೆ?’ ಎನ್ನುವ ಪೋಷಕರಿಗೆ ಇದೇ ನನ್ನ ಉತ್ತರ.

ಉರ್ದು ಮಾಧ್ಯಮದ ಮಕ್ಕಳಿಗೆ ಹೈದರಾಬಾದಿನಲ್ಲೂ ಮಹಾರಾಷ್ಟ್ರದ ನಗರಗಳಲ್ಲೂ ಶಾಲೆಗಳಿವೆ. ಮಹಾರಾಷ್ಟ್ರದ ಬಾಲಭಾರತಿ ಸಂಸ್ಥೆ ಉರ್ದುವಿನಲ್ಲೂ ಕನ್ನಡದಲ್ಲೂ ಪಠ್ಯಪುಸ್ತಕ ಅಚ್ಚು ಮಾಡುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆ ಕನ್ನಡ ಶಾಲೆಗಳೇ ಇವೆ. ಹೈದರಾಬಾದಿನ ಗಚ್ಚಿಬೌಲಿಯಲ್ಲಿ 1998ರಲ್ಲಿ ಸ್ಥಾಪನೆಯಾದ ಮೌಲಾನಾ ಆಜಾದ್ ರಾಷ್ಟ್ರೀಯ ಉರ್ದು ವಿಶ್ವವಿದ್ಯಾಲಯ ಇದೆ. ಅಂದರೆ ಉರ್ದುವಿನಲ್ಲಿ ಓದಿದ ಮಗುವಿನ ದಾರಿ ಹತ್ತನೆಯ ತರಗತಿಗೆ ಮುಚ್ಚುವುದಿಲ್ಲ. ಆದರೆ ನೀವು ಬಾಡಿಗೆ ಹಿಡಿಯುವ ಮೊಹಲ್ಲಾದಲ್ಲಿ ಉರ್ದು ಹೈಸ್ಕೂಲು ಇದೆಯೇ, ಕೇವಲ ಪ್ರಾಥಮಿಕ ಶಾಲೆ ಇದೆಯೇ ಎಂದು ಕೇಳಿ ತಿಳಿಯಿರಿ.

ನಾಲ್ಕನೆಯದು, ಮನೆ ಎಲ್ಲಿ? ಅರಬಿಯಲ್ಲಿ ಒಂದು ಗಾದೆ ಇದೆ, ಮನೆಗಿಂತ ಮೊದಲು ನೆರೆಹೊರೆ ನೋಡು ಎಂದು. ನಾನು ಅದಕ್ಕೆ ಒಂದು ಮಾತು ಸೇರಿಸುತ್ತೇನೆ: ನೆರೆಹೊರೆಯ ಜೊತೆಗೆ ಹೈಸ್ಕೂಲನ್ನೂ ನೋಡು. ಮಸೀದಿ ಹತ್ತಿರವಿರಲಿ, ನಮ್ಮವರು ನಾಲ್ಕು ಮನೆ ಇರಲಿ, ಇದನ್ನು ಎಲ್ಲರೂ ನೋಡುತ್ತೇವೆ. ಹೊಸ ಊರಿನಲ್ಲಿ ಜ್ವರ ಬಂದ ರಾತ್ರಿ ಬಾಗಿಲು ತಟ್ಟಲು ಒಂದು ಮನೆ ಬೇಕು. ಆದರೆ ಹೆಣ್ಣುಮಗಳು ಕತ್ತಲಾಗುವ ಮುನ್ನ, ಸಾಧ್ಯವಾದರೆ ನಡೆದೇ, ಶಾಲೆಯಿಂದ ಮನೆ ಸೇರಬಹುದೇ ಎಂದು ಮೊದಲು ನೋಡಬೇಕು. ದೂರವಾದರೆ ಶಾಲೆ ಬಿಡಿಸುವುದು ಹುಡುಗಿಯನ್ನೇ, ಹುಡುಗನನ್ನಲ್ಲ. ಸಾವಿರ ರೂಪಾಯಿ ಬಾಡಿಗೆ ಉಳಿಸಲು ಹೋಗಿ ಹುಡುಗಿಯ ಓದು ಕಳೆಯುವುದು ಯಾವ ಉಳಿತಾಯ?

ನಮ್ಮ ಭಾಯಿಜಾನ್ 2018ರಲ್ಲಿ ಲಿಂಗಂಪಲ್ಲಿ ಕಡೆ ಮನೆ ಬದಲಿಸಿದರು. ಬಾಡಿಗೆ ಹೆಚ್ಚಾಯಿತು. ಆದರೆ ಕಾರ್ಖಾನೆ ಹತ್ತಿರವಾಯಿತು, ಊರಿನಿಂದ ಬರುವ ಹಲವು ರೈಲುಗಳು ಅಲ್ಲೇ ನಿಲ್ಲುತ್ತವೆ, ಮಗನ ಶಾಲೆ ಹತ್ತು ನಿಮಿಷದ ದಾರಿ. ಆಗ 3ನೆಯ ತರಗತಿಯಲ್ಲಿದ್ದ ಆ ಹುಡುಗ ಈಗ ತೆಲುಗಿನಲ್ಲಿ ಜಗಳ ಕೂಡ ಆಡುತ್ತಾನೆ! ಅದೇ ಊರು, ಅದೇ ಕುಟುಂಬ. ಬದಲಾದದ್ದು ಮನೆಯ ಜಾಗ ಮತ್ತು ಮಗುವಿನ ವಯಸ್ಸು.

ಇನ್ನು ಕಾಗದಪತ್ರದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ 8ನೆಯ ತರಗತಿಯವರೆಗೆ, ಟಿ.ಸಿ. ತಡವಾಯಿತೆಂದು ಸರ್ಕಾರಿ ಅಥವಾ ಅನುದಾನಿತ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ಹಾಗೆಂದು ಟಿ.ಸಿ. ಬಿಟ್ಟು ಹೋಗಬೇಡಿ. ಅದರಲ್ಲಿ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ ಆಧಾರ್‌ಗೆ ಹೊಂದುತ್ತವೆಯೇ ನೋಡಿ. ನಮ್ಮಲ್ಲಿ ‘ಬೇಗಂ’, ‘ಬಿ’, ‘ಶೇಖ್’ ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿರುವುದು ಸಾಮಾನ್ಯ. ತಿದ್ದುಪಡಿ ಇಲ್ಲೇ ಮಾಡಿಸಿ. ಮಗುವಿನ ಪೆನ್ ಸಂಖ್ಯೆ ಬರೆದುಕೊಳ್ಳಿ. ಪಡಿತರ ಚೀಟಿಯ ಮೇಲೆ ಕೇಂದ್ರದ ಆಹಾರಧಾನ್ಯ ಬೇರೆ ರಾಜ್ಯದಲ್ಲೂ ಸಿಗುತ್ತದೆ. ಆದರೆ ಕಾರ್ಡನ್ನೇ ಅಲ್ಲಿಗೆ ವರ್ಗಾಯಿಸಿದರೆ ಇಲ್ಲಿನ ಗೃಹಲಕ್ಷ್ಮಿಯಂಥ ಯೋಜನೆ ನಿಲ್ಲುತ್ತದೆ. ಕಾಯಂ ಆಗಿ ನೆಲೆಸಿದ ಮೇಲೆ ನಮೂನೆ 8 ತುಂಬಿ ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಿಸಿ. ಎರಡು ಕಡೆ ಹೆಸರಿರುವುದು ಅಪರಾಧ, ಎಲ್ಲಿಯೂ ಇಲ್ಲದಿರುವುದು ನಷ್ಟ.

ಕೊನೆಯದಾಗಿ ನನ್ನ ಸ್ವಂತ ಮಾತು. ‘ಇಷ್ಟೆಲ್ಲ ಹೇಳುವ ಟೀಚರ್ ತಾವೇನು ಮಾಡಿದರು?’ ಎಂದು ನೀವು ಕೇಳಬಹುದು. ಕಳೆದ ವರ್ಷ ನಮ್ಮ ಮನೆಯವರಿಗೆ ಹೈದರಾಬಾದಿನ ಔಷಧ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತು. ಇಲ್ಲಿಗಿಂತ ಒಳ್ಳೆಯ ಸಂಬಳ. ಆಗ ನಮ್ಮ ಮಗಳು 9ನೆಯ ತರಗತಿಯ ಮಧ್ಯದಲ್ಲಿದ್ದಳು. ನನ್ನ ನೌಕರಿಯ ಪ್ರಶ್ನೆಯೂ ಇತ್ತು. ಅಲ್ಲಿನ ಸರ್ಕಾರಿ ನೇಮಕಾತಿಗೆ ಅಲ್ಲಿನ ಟಿ.ಇ.ಟಿ. ಅಥವಾ ಕೇಂದ್ರದ ಸಿ.ಟಿ.ಇ.ಟಿ. ಬೇಕು, ನಮ್ಮ ಟಿ.ಇ.ಟಿ. ನಡೆಯುವುದಿಲ್ಲ. ಊರು ಬದಲಿಸುವಾಗ ಗಂಡನ ಕೆಲಸವನ್ನು ಎಲ್ಲರೂ ಲೆಕ್ಕ ಹಾಕುತ್ತಾರೆ, ಹೆಂಡತಿಯ ಕೆಲಸವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ನಮ್ಮ ಮನೆಯಲ್ಲಿ ಎರಡನ್ನೂ ಬರೆದಿಟ್ಟು ನೋಡಿದೆವು, ಮಗಳನ್ನೂ ಕೂರಿಸಿಕೊಂಡು ಕೇಳಿದೆವು. ಅವಳ ಪಿ.ಯು. ಮುಗಿಯುವವರೆಗೆ ನಾವು ಇಲ್ಲೇ ಇರುವುದು, ಅವರು ಹದಿನೈದು ದಿನಕ್ಕೊಮ್ಮೆ ಬರುವುದು ಎಂದು ತೀರ್ಮಾನವಾಯಿತು.

ಇದು ಸುಲಭವಲ್ಲ. ಎರಡು ಮನೆಯ ಖರ್ಚು. ಭಾನುವಾರ ಸಂಜೆ ಅವರು ಸ್ಟೇಷನ್‌ಗೆ ಹೊರಟಾಗ ಚಿಕ್ಕ ಮಗ ಅಬ್ಬಾನ ಚಪ್ಪಲಿ ಬಚ್ಚಿಡುತ್ತಾನೆ. ನಾವು ಮಾಡಿದ್ದೇ ಎಲ್ಲರಿಗೂ ಸರಿ ಎಂದು ನಾನು ಹೇಳುವುದಿಲ್ಲ. ಮಗು 3ನೆಯ ತರಗತಿಯಲ್ಲಿದ್ದರೆ ನಾನೂ ಆ ಮೇ ತಿಂಗಳಲ್ಲೇ ಸಾಮಾನು ಕಟ್ಟುತ್ತಿದ್ದೆ. ನಾನು ಕೇಳಿಕೊಳ್ಳುವುದು ಇಷ್ಟೇ: ಮನೆ ನೋಡಲು ಹೋಗುವ ದಿನ ಶಾಲೆಯನ್ನೂ ನೋಡಿ ಬನ್ನಿ. ಅಡ್ವಾನ್ಸ್ ಕೊಡುವ ಮೊದಲು ಮನೆಯಿಂದ ಶಾಲೆಗೆ ಒಮ್ಮೆ ನೀವೇ ನಡೆದು ನೋಡಿ. ಟಿ.ಸಿ. ಕೇಳಲು ಬರುವ ಎರಡು ತಿಂಗಳ ಮೊದಲು ನಮ್ಮ ಜೊತೆ ಒಂದು ಮಾತು ಆಡಿ. ನಾವು ಶಿಕ್ಷಕರು ಇರುವುದು ಹಾಜರಿ ಹಾಕಲು ಮಾತ್ರ ಅಲ್ಲ.

ಮುಂದಿನ ಮೇ ತಿಂಗಳಲ್ಲಿ ನಾನು ಮತ್ತೆ ಅದೇ ಕಚೇರಿಯಲ್ಲಿ ಕೂತಿರುತ್ತೇನೆ. ‘ಅಲ್ಲಿ ಯಾವ ಶಾಲೆ?’ ಎಂದು ಕೇಳಿಯೇ ಕೇಳುತ್ತೇನೆ. ಆಗ ನೀವು ಶಾಲೆಯ ಹೆಸರು ಹೇಳಬೇಕು. ಅಷ್ಟಾದರೆ ನನ್ನ ಈ ಮಾತು ಸಾರ್ಥಕ.