ಹೊಳೆಯ ತೊಟ್ಟಿಲು ಬರಿದಾದಾಗ

ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಗೆ ಸಮೀಪದ ಶಿವನಸಮುದ್ರದಲ್ಲಿ ಧುಮುಕುವ ಕಾವೇರಿ, ಅಲ್ಲಿಂದ ಮುಂದೆ ಮುತ್ತತ್ತಿ, ಭೀಮೇಶ್ವರಿಗಳತ್ತ ಬಂಡೆಗಳ ನಡುವೆ ಹರಿಯುತ್ತಾಳೆ. ಇಲ್ಲಿನ ಆಳವಾದ ಮಡುಗಳು ಡುಬ್ಬದ ಮಹಶೀರ್ ಮೀನಿನ ತವರು. ಕಾವೇರಿ ಕೊಳ್ಳ ಬಿಟ್ಟರೆ ಈ ಮೀನು ಬೇರೆಲ್ಲೂ ಇಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಗಾಳಕ್ಕೆ ಹಿಡಿದ ಮಹಶೀರ್ 120 ಪೌಂಡ್ ತೂಗಿತ್ತು. ಇಂಥ ಬಲಶಾಲಿ ಮೀನು ಅಳಿವಿನ ಅಂಚಿಗೆ ಬಂದದ್ದು ಹೇಗೆ?

ಇದಕ್ಕೆ ಉತ್ತರ ಸಂತಾನಶಕ್ತಿಯ ಲೆಕ್ಕದಲ್ಲಿದೆ. ರೋಹು ಮೀನು ತನ್ನ ತೂಕದ ಪ್ರತಿ ಕಿಲೋಗೆ ಸುಮಾರು ಎರಡು ಲಕ್ಷ ಮೊಟ್ಟೆ ಇಡಬಲ್ಲದು. ನೋಡುವವರಿಗೆ ಅದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಆದರೆ ಲಕ್ಷ ಹೋದರೂ ಉಳಿದ ಒಂದೆರಡರಿಂದಲೇ ವಂಶ ಬೆಳೆಯುತ್ತದೆ. ಆನೆಯದು ಇನ್ನೊಂದು ತುದಿ: ಸುಮಾರು 22 ತಿಂಗಳ ಬಸಿರು, ಒಂದೇ ಮರಿ, ವರ್ಷಗಟ್ಟಲೆ ಆರೈಕೆ. ಮಹಶೀರ್‌ಗೆ ಎರಡೂ ಅನುಕೂಲವಿಲ್ಲ. ಅದರ ಮೊಟ್ಟೆ ಕಿಲೋಗೆ ಕೆಲವೇ ಸಾವಿರ. ಮರಿಗಳಿಗೆ ತಾಯಿಯ ಕಾವಲೂ ಇಲ್ಲ. ಮೊಟ್ಟೆ ಒಡೆಯಲು ಶುದ್ಧವಾದ ಹರಿಯುವ ನೀರು, ಜಲ್ಲಿಕಲ್ಲಿನ ತಳ ಬೇಕು. ಅಣೆಕಟ್ಟುಗಳಿಂದ ನೀರಿನ ಹರಿವು ಬದಲಾಯಿತು. ಮರಳು ತೆಗೆದದ್ದರಿಂದ ತಳ ಕದಡಿತು. ಸಿಡಿಮದ್ದು ಹಾಕಿ ಮೀನು ಹಿಡಿಯುವವರು ಚಿಕ್ಕದು ದೊಡ್ಡದೆನ್ನದೆ ಕೊಂದರು.

ಮೊಟ್ಟೆ ಇಡುವ ಶಕ್ತಿ ಬೇರೆ, ಬದುಕಿ ಬೆಳೆಯುವ ಸಂತಾನ ಬೇರೆ. ಇದಕ್ಕೆ ಕಾವೇರಿಯ ಗಾಳದ ಶಿಬಿರಗಳ ದಾಖಲೆಗಳೇ ಸಾಕ್ಷಿ. 1998ರಿಂದ 2012ರವರೆಗೆ ಸಿಕ್ಕ ಡುಬ್ಬದ ಮಹಶೀರ್‌ಗಳ ಸಂಖ್ಯೆ ಇಳಿಯುತ್ತ ಬಂತು, ಆದರೆ ಸರಾಸರಿ ತೂಕ ಏರುತ್ತ ಹೋಯಿತು. ದೊಡ್ಡ ಮೀನು ಸಿಕ್ಕಿತೆಂದು ಹಿಗ್ಗುವಂತಿರಲಿಲ್ಲ. ಊರಿನಲ್ಲಿ ಮುದುಕರಷ್ಟೇ ಉಳಿದು ತೊಟ್ಟಿಲು ಬರಿದಾದಂತೆ, ಹೊಸ ಮರಿಗಳು ಸೇರುತ್ತಿರಲಿಲ್ಲ.

ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಹೊಳೆಗೆ ಸಾಕಿದ ಮರಿಗಳನ್ನು ಬಿಟ್ಟದ್ದುಂಟು. ಆದರೆ ಅವು ಬೇರೆ ಜಾತಿಯ ನೀಲಿ ರೆಕ್ಕೆಯ ಮಹಶೀರ್. ಉದ್ದೇಶ ಒಳ್ಳೆಯದೇ, ಮಡುಗಳಲ್ಲಿ ಮೀನೂ ಹೆಚ್ಚಿದವು. ಆ ಸಮೃದ್ಧಿಯ ಮರೆಯಲ್ಲಿ ಹೊಳೆಯ ಸ್ವಂತ ಮಕ್ಕಳು ಕರಗಿದ್ದು ಬಹುಕಾಲ ಕಣ್ಣಿಗೆ ಬೀಳಲಿಲ್ಲ. ಡುಬ್ಬದ ಮೀನಿನ ವೈಜ್ಞಾನಿಕ ಹೆಸರು ‘ಟಾರ್ ರೆಮಾದೇವಿ’ ಎಂದು ಖಚಿತವಾದದ್ದೇ 2018ರಲ್ಲಿ. ಅದೇ ವರ್ಷ ಅದು ತೀವ್ರ ಅಪಾಯದಲ್ಲಿರುವ ಜೀವಿಗಳ ಜಾಗತಿಕ ಪಟ್ಟಿಗೂ ಸೇರಿತು.

ಒಂದು ಜೀವಿ ಎಷ್ಟು ಹೆರಬಲ್ಲದೆಂಬುದು ಪ್ರಕೃತಿಯ ಲೆಕ್ಕ. ಹೆತ್ತದ್ದು ಉಳಿಯುವುದೇ ಎಂಬುದು ಈಗ ಹೊಳೆಯ ದಡದಲ್ಲಿರುವ ಮನುಷ್ಯರ ಕೈಯಲ್ಲಿದೆ.